ಒಕ್ಕಲುತನದ ನಷ್ಟಭಯವೂ ನಮ್ಮ ವಿದ್ಯೆಯೂ

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ಕನ್ನಡ ಪಂಡಿತನಾದ ನನ್ನಿಂದ ಅವರು ನಿರೀಕ್ಷಿಸಿದ್ದು ಛಂದಸ್ಸನ್ನೋ ಅಲಂಕಾರವನ್ನೋ ಕುರಿತ ನಾಲ್ಕು ಮಾತುಗಳನ್ನೆಂಬುದನ್ನು ಬಲ್ಲೆ. ಆದರೆ ನಮ್ಮ ಶಾಲೆಗೆ ಬರುವ ಮಕ್ಕಳಲ್ಲಿ ಬಹುಸಂಖ್ಯಾತರು ಎರೆಭೂಮಿಯ ಒಕ್ಕಲು ಮನೆತನದವರು; ಶ್ರೀಮಠದ ದಾಸೋಹದ ಕಣಜವನ್ನು ವರ್ಷವರ್ಷವೂ ತುಂಬುತ್ತ ಬಂದವರು ಅವರ ತಂದೆತಾಯಿಗಳೇ. ಆ ಮನೆಗಳಿಗೆ ಮಳೆಯಿಂದಲೂ ಪೇಟೆಯಿಂದಲೂ ಒದಗುವ ಗಂಡಾಂತರವನ್ನು ತಡೆದುಕೊಳ್ಳುವ ಬಗೆ ಯಾವುದು, ಅದರಲ್ಲಿ ನಾವು ಕಲಿಸುವ ವಿದ್ಯೆಯ ಪಾಲೆಷ್ಟು ಎಂಬ ಪ್ರಶ್ನೆಯು ನನ್ನನ್ನು ಕೆಲವು ವರ್ಷಗಳಿಂದ ಬಾಧಿಸುತ್ತಿದೆ. ಅದಕ್ಕೆ ಕಾರಣವೂ ಇದೆ. ಅದನ್ನು ಮೊದಲು ನಿವೇದಿಸಿಬಿಡುತ್ತೇನೆ.

2018ರ ಹಿಂಗಾರಿನಲ್ಲಿ ನನ್ನ ಅಣ್ಣನು ತನ್ನ ಆರು ಎಕರೆ ಹೊಲಕ್ಕೆ ಬೆಳೆ ವಿಮೆ ಮಾಡಿಸಲು ನನ್ನನ್ನು ಜೊತೆಗೆ ಕರೆದೊಯ್ದನು. "ತಮ್ಮಾ, ನೀ ಓದಿದಾಂವ, ನೀನ ತುಂಬು" ಎಂದು ಅರ್ಜಿಯನ್ನು ನನ್ನ ಕೈಗೆ ಕೊಟ್ಟನು. ಹಿಂದಿನ ವರ್ಷದ ಕಾಗದವನ್ನು ನೋಡಿಕೊಂಡು ಆರು ಎಕರೆಗೂ ಜೋಳವೆಂದೇ ನಾನು ಬರೆದೆನು. ಹಸ್ತೆಯ ಮಳೆ ಹಿಂದುಮುಂದಾಗಿ, ಅಣ್ಣನು ನಾಲ್ಕು ಎಕರೆಗೆ ಕಡಲೆಯನ್ನು ಬಿತ್ತಿದ್ದನು. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಬೆಳೆ ಸಮೀಕ್ಷೆಗೆ ಬಂದವರು ಹೊಲದಲ್ಲಿದ್ದ ಕಡಲೆಯನ್ನು ಕಂಡು ಕಡಲೆಯೆಂದೇ ದಾಖಲಿಸಿದರು. ಬೆಳೆ ಕೈಕೊಟ್ಟಿತು, ನಮ್ಮ ಸುತ್ತಿನವರಿಗೆ ಪರಿಹಾರ ಬಂದಿತು, ನಮ್ಮ ಅರ್ಜಿಯು ತಾಳೆಯಾಗದೆ ತಿರಸ್ಕೃತವಾಯಿತು. ಆ ಬೇಸಿಗೆಯಲ್ಲಿ ಅಣ್ಣನು ಎತ್ತಿನ ಜೋಡಿಯನ್ನು ಸಂತೆಗೆ ಹೊಡೆದನು. ನನ್ನನ್ನು ಬಯ್ಯಲಿಲ್ಲ. "ಹೋಗ್ಲಿ ಬಿಡು ತಮ್ಮಾ, ನೀ ಹಳಗನ್ನಡಾ ಓದಿದಾಂವ, ಇದು ಹೊಸಗನ್ನಡಾ" ಎಂದನು. ಮೂವತ್ತು ವರ್ಷಗಳ ಅಧ್ಯಾಪನ ವೃತ್ತಿಯಲ್ಲಿ ನನಗೆ ಇಷ್ಟು ನಾಟಿದ ವಿಮರ್ಶೆ ಮತ್ತೊಂದಿಲ್ಲ.

ನಮ್ಮ ಹಿರಿಯರು ಇಂಥ ಕಾಗದಗಳಿಲ್ಲದೆ ಬಾಳಿದರಲ್ಲ ಎನ್ನುವವರುಂಟು. ಅವರ ಉಪಾಯಗಳು ನಿಜಕ್ಕೂ ಸಾಮಾನ್ಯವಾದುವಲ್ಲ. ಊರ ನೆಲದಡಿಯಲ್ಲಿ ಹಗೇವು ತೋಡಿ, ಸುತ್ತಲೂ ಜೋಳದ ಕಣಿಕೆಯನ್ನೊಡ್ಡಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ಪ್ರಾಣವಾಯು ತೀರಿ ಹುಳುಹುಪ್ಪಟೆ ಉಳಿಯುತ್ತಿರಲಿಲ್ಲ. ಹಗೇವನ್ನು ತೆಗೆದೊಡನೆ ಇಳಿಯಬಾರದೆಂದೂ, ಗಾಳಿಯಾಡಿಸಿ ದೀಪ ಇಳಿಬಿಟ್ಟು ನೋಡಿದ ಮೇಲೆಯೇ ಮನುಷ್ಯನು ಇಳಿಯಬೇಕೆಂದೂ ಅವರು ತಿಳಿದಿದ್ದರು. ಜೋಳದ ಸಾಲುಗಳ ನಡುವೆ ಕಡಲೆ, ಕುಸುಬೆಗಳ ಅಕ್ಕಡಿ ಹಾಕುತ್ತಿದ್ದರು. ಒಂದು ಹೋದರೆ ಇನ್ನೊಂದು ಉಳಿಯಲೆಂದು. ಹೊಲದ ಅಂಚಿಗೆ ಬಿತ್ತಿದ ಕುಸುಬೆಯ ಮುಳ್ಳು ದನಗಳನ್ನು ತಡೆಯುವ ಬೇಲಿಯೂ ಆಗುತ್ತಿತ್ತು. ಕುಳ್ಳ ತಳಿಯ ಹೈಬ್ರಿಡ್ ಜೋಳ ಬಂದಾಗ ನಮ್ಮ ಭಾಗದವರು ಅದಕ್ಕೆ ಸುಲಭವಾಗಿ ಒಲಿಯದೆ ಮಾಲದಂಡಿಗೇ ಅಂಟಿಕೊಂಡುದನ್ನು ಕೆಲವರು ಮೌಢ್ಯವೆಂದರು. ಕಾಳಿನಷ್ಟೇ ಕಣಿಕೆಯೂ ಅವರಿಗೆ ಬೇಕಾಗಿತ್ತು. ಹಿತ್ತಿಲ ಬಣವೆಯೇ ಅವರ ದನಗಳ ವಿಮೆಯಾಗಿತ್ತು.

ಆದರೆ ಈ ಉಪಾಯಗಳಿಗೂ ಒಂದು ಮಿತಿಯಿತ್ತೆಂಬುದನ್ನು ಮರೆತು ಹಳೆಯದನ್ನು ಹೊಗಳುವುದು ಪಂಡಿತರ ಚಟ. ಹಗೇವು ಒಂದು ವರ್ಷದ ಬರವನ್ನು ತಡೆದೀತು. ಎರಡನೆಯ ವರ್ಷಕ್ಕೆ ಬರಿದಾಗುತ್ತದೆ. 1876ರಿಂದ 1878ರವರೆಗಿನ ಮಹಾಕ್ಷಾಮವು ಬಿಜಾಪುರ, ಧಾರವಾಡ ಸೀಮೆಗಳನ್ನೂ ಮೈಸೂರು ಸಂಸ್ಥಾನವನ್ನೂ ಹಾಳುಗೆಡವಿದಾಗ ಈ ಉಪಾಯಗಳೆಲ್ಲವೂ ಇದ್ದುವು. ಒಬ್ಬನ ಮನೆಗೆ ಬಂದ ಕೇಡನ್ನು ನೆರೆಯವನು ತುಂಬಿಕೊಟ್ಟಾನು. ನಾಡಿಗೆ ನಾಡೇ ಒಣಗಿದಾಗ ನೆರೆಯವನೆಲ್ಲಿ? ಇದನ್ನು ಕನ್ನಡನಾಡು ಬೇಗನೆ ಮನಗಂಡಿತೆಂಬುದು ಅಭಿಮಾನದ ಸಂಗತಿ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಮೈಸೂರು ಸಂಸ್ಥಾನದಲ್ಲಿ ಅಧಿಕಾರಿಗಳಾಗಿದ್ದ ಜೆ. ಎಸ್. ಚಕ್ರವರ್ತಿಯವರು 1920ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮಳೆಯ ಅಳತೆಯನ್ನೇ ಆಧಾರವಾಗಿಟ್ಟುಕೊಂಡು ಒಕ್ಕಲು ಮಕ್ಕಳಿಗೆ ವಿಮೆಯೊದಗಿಸುವ ಯೋಜನೆಯನ್ನು ಮುಂದಿಟ್ಟರು. ದೇಶವ್ಯಾಪಿಯಾದ ಬೆಳೆ ವಿಮೆ ಬಂದದ್ದು 1985ರಲ್ಲಿ. ಮೈಸೂರಿನಲ್ಲಿ ಮೊಳೆತ ವಿಚಾರವು ಹೊಲ ಮುಟ್ಟಲು ಅರುವತ್ತೈದು ವರ್ಷಗಳು ಬೇಕಾದುವು!

2016ರಲ್ಲಿ ಆರಂಭವಾದ ಫಸಲ್ ಬಿಮಾ ಯೋಜನೆಯಲ್ಲಿ ಆಹಾರಧಾನ್ಯಗಳಿಗೆ ರೈತನು ತೆರುವುದು ಮುಂಗಾರಿನಲ್ಲಿ ವಿಮಾ ಮೊತ್ತದ ಶೇಕಡಾ 2, ಹಿಂಗಾರಿನಲ್ಲಿ ಶೇಕಡಾ ಒಂದೂವರೆ. ಮಿಕ್ಕುದನ್ನು ಸರ್ಕಾರಗಳು ಭರಿಸುತ್ತವೆ. ಇಷ್ಟನ್ನು ಎಲ್ಲರೂ ಬಲ್ಲರು. ಆದರೆ ಪರಿಹಾರವು ನನ್ನ ಹೊಲದ ನಷ್ಟವನ್ನು ನೋಡಿ ಬರುವುದಿಲ್ಲ. ಪಂಚಾಯತಿಯನ್ನೋ ಹೋಬಳಿಯನ್ನೋ ಒಂದು ಘಟಕವಾಗಿಟ್ಟುಕೊಂಡು, ಅಲ್ಲಿ ಆಯ್ದ ಹೊಲಗಳಲ್ಲಿ ನಡೆದ ಬೆಳೆ ಕಟಾವು ಪ್ರಯೋಗದ ಸರಾಸರಿಯನ್ನು ನೋಡಿ ಬರುತ್ತದೆ ಎಂಬುದನ್ನು ಬಲ್ಲವರು ವಿರಳ. ಖಾತರಿ ಇಳುವರಿಯು ಎಕರೆಗೆ 4 ಕ್ವಿಂಟಲ್ ಎಂದಿದ್ದು ಘಟಕದ ಸರಾಸರಿ 3 ಕ್ವಿಂಟಲಿಗೆ ಇಳಿದರೆ, ವಿಮಾ ಮೊತ್ತದ ಕಾಲುಭಾಗ ದೊರೆಯುತ್ತದೆ. ನನ್ನ ಹೊಲದಲ್ಲಿ ಒಂದು ಕಾಳೂ ಬಾರದಿದ್ದರೂ ಅಷ್ಟೇ. ಆಲಿಕಲ್ಲು ಬಿದ್ದಾಗ, ಹೊಲದಲ್ಲಿ ನೀರು ನಿಂತಾಗ ಮಾತ್ರ ಒಬ್ಬೊಬ್ಬನ ನಷ್ಟವನ್ನೂ ಬೇರೆಯಾಗಿ ನೋಡುತ್ತಾರೆ. ಅದಕ್ಕೆ 72 ಗಂಟೆಗಳೊಳಗೆ ತಿಳಿಸಬೇಕು. ಮಳೆ ಬಂದರೆ ಕೇಡಲ್ಲವೆಂದು ಗಾದೆ ಹೇಳುತ್ತದೆ; ಕೊಯ್ದ ತೆನೆ ಹೊಲದಲ್ಲಿರುವಾಗ ಅಕಾಲದ ಮಳೆ ಬಂದು ಕಾಳು ಕಪ್ಪಾದುದನ್ನು ಕಂಡವನು ಆ ಗಾದೆಯನ್ನು ಆಡಲಾರನು. ಹಾಗೆ ಒಣಗಲು ಹರಡಿದ ಬೆಳೆಗೂ 14 ದಿನಗಳ ರಕ್ಷಣೆಯುಂಟು. ಇದನ್ನು ತಿಳಿಯದೆ ಮೂರು ದಿನ ಮಳೆಯನ್ನು ಶಪಿಸಿ ನಾಲ್ಕನೆಯ ದಿನ ಕಚೇರಿಗೆ ಹೋದವರನ್ನು ನಾನು ಕಂಡಿದ್ದೇನೆ.

ನನ್ನ ಆಕ್ಷೇಪವೂ ಇಲ್ಲಿದೆ. ಕಾಗದವು ಒಂದು ಹೊಲಕ್ಕೆ ಒಂದು ಬೆಳೆಯನ್ನು ಬಯಸುತ್ತದೆ. ಅಕ್ಕಡಿಯ ಸಾಲುಗಳನ್ನು ಪಾಲುಪಾಲಾಗಿ ಬರೆಯದಿದ್ದರೆ ಸಮೀಕ್ಷೆಗೂ ವಿಮೆಗೂ ತಾಳೆಯಾಗದು. ಕಾಳಿನ ನಷ್ಟವನ್ನು ಅಳೆಯುವರು. ಕಣಿಕೆಯ ನಷ್ಟವನ್ನು ಯಾರೂ ಅಳೆಯರು. ಹೀಗಾಗಿ, ನಷ್ಟವನ್ನು ಹಂಚಿಕೊಳ್ಳುವ ಹಳೆಯ ಜಾಣ್ಮೆಯನ್ನು ಉಳಿಸಿಕೊಂಡವನೇ ಹೊಸ ವ್ಯವಸ್ಥೆಯಲ್ಲಿ ತೊಡಕಿಗೆ ಸಿಲುಕುತ್ತಾನೆ. ಇದನ್ನು ತಿದ್ದಬೇಕಾದವರು ಯೋಜನೆಯನ್ನು ರೂಪಿಸುವವರು. ಅಲ್ಲಿಯವರೆಗೆ ಅಕ್ಕಡಿಯನ್ನು ಬಿಡಬೇಡಿರಿ, ಅದನ್ನು ಸರಿಯಾಗಿ ಬರೆಸಿರಿ ಎಂದಷ್ಟೇ ನಾನು ಹೇಳಬಲ್ಲೆ.

ದನಕರುಗಳ ವಿಷಯವು ಇನ್ನೂ ಕಠಿಣ. ಬರ ಬಿದ್ದಾಗ ಮೇವಿಲ್ಲದೆ ಎಲ್ಲರೂ ಒಮ್ಮೆಗೇ ಸಂತೆಗೆ ಹೊಡೆಯುತ್ತಾರೆ. ದನದ ಬೆಲೆ ಇಳಿಯುತ್ತದೆ, ಅದೇ ವೇಳೆಗೆ ಕಾಳಿನ ಬೆಲೆ ಏರುತ್ತದೆ. ಮಾರುವುದು ಅಗ್ಗ, ಕೊಳ್ಳುವುದು ತುಟ್ಟಿ. ರಾಜ್ಯದ 223 ತಾಲೂಕುಗಳನ್ನು ಬರಪೀಡಿತವೆಂದು ಸಾರಿದ 2023ರಲ್ಲಿ ಇದನ್ನೇ ಕಂಡೆವು. ಕುರಿಗಾರರಲ್ಲಿ ಜಾಣರು ಮಳೆಯ ಸುಳಿವು ತಪ್ಪಿದೊಡನೆ, ಬೆಲೆಯಿರುವಾಗಲೇ ಹಿಂಡಿನ ಒಂದು ಭಾಗವನ್ನು ಕಳೆದು ತಾಯಿಕುರಿಗಳನ್ನು ಉಳಿಸಿಕೊಳ್ಳುತ್ತಾರೆ. ದನದ ವಿಮೆಗೆ ಕಿವಿಯೋಲೆಯೇ ಆಧಾರ. ಓಲೆ ಕಳಚಿ ಬಿದ್ದುದನ್ನು ತಿಳಿಸದಿದ್ದರೆ ದನ ಸತ್ತಾಗ ಪರಿಹಾರವಿಲ್ಲ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಇದರ ಬೆಲೆ ಅನೇಕರಿಗೆ ತಡವಾಗಿ ತಿಳಿಯಿತು.

ಪೇಟೆಯ ಮಾತು. 2024ರಲ್ಲಿ ಕ್ವಿಂಟಲಿಗೆ 10,000 ರೂಪಾಯಿಗಳನ್ನು ದಾಟಿದ್ದ ತೊಗರಿಯು, ಆ ಬೆಲೆಯನ್ನು ನಂಬಿ ಬಿತ್ತಿದವರ ರಾಶಿ ಬಂದ 2025ರ ಆರಂಭಕ್ಕೆ ಬೆಂಬಲ ಬೆಲೆಯಾದ 7,550ರ ಆಸುಪಾಸಿಗೆ ಇಳಿಯಿತು. ಕಳೆದ ಸುಗ್ಗಿಯ ಬೆಲೆಯನ್ನು ನೋಡಿ ಬಿತ್ತುವುದು, ಎಲ್ಲರೂ ಮಾರುವ ದಿನವೇ ಮಾರುವುದು, ಇವೆರಡೇ ನಮ್ಮವರನ್ನು ಕೆಡಿಸುತ್ತಿವೆ. ಮಾರದೆ ಗತಿಯೇನು, ಅಡತಿ ಅಂಗಡಿಯ ಸಾಲ ಕಾದಿದೆಯಲ್ಲ ಎಂದರೆ, ಅದೂ ನಿಜವೇ. ಅದಕ್ಕಾಗಿಯೇ ಉಗ್ರಾಣ ರಸೀದಿಯ ಏರ್ಪಾಡು ಇದೆ: ನೋಂದಾಯಿತ ಉಗ್ರಾಣದಲ್ಲಿ ಕಾಳಿಟ್ಟು, ರಸೀದಿಯನ್ನು ಅಡವಿಟ್ಟು ಸಾಲ ಪಡೆದು, ಬೆಲೆ ಬಂದಾಗ ಮಾರುವುದು. ಬೆಲೆ ಏರಿಯೇ ತೀರುವುದೆಂಬ ಭರವಸೆಯನ್ನು ಯಾರೂ ಕೊಡಲಾರರು. ಆದ್ದರಿಂದ ಅರ್ಧವನ್ನು ಮಾರಿ ಅರ್ಧವನ್ನು ಇಡುವುದು ಲೇಸು. ಇದು ಹಗೇವಿನ ನ್ಯಾಯವೇ. ಮಣ್ಣಿನ ಮುಚ್ಚಳದ ಬದಲಿಗೆ ಕಾಗದದ ಮುದ್ರೆ ಬಂದಿದೆ. ಆದರೆ ತೇವವಿರುವ ಕಾಳನ್ನು ಉಗ್ರಾಣದವರು ಕೊಳ್ಳರು. ಬೆಂಬಲ ಬೆಲೆಗೆ ಕೊಳ್ಳುವಾಗಲೂ ಮೆಕ್ಕೆಜೋಳದ ತೇವಾಂಶವು ಶೇಕಡಾ 14ನ್ನು ಮೀರಬಾರದು. ಕಣಗಳು ಮಾಯವಾಗಿ ಡಾಂಬರು ರಸ್ತೆಯ ಮೇಲೆ ಕಾಳು ಒಣಗಿಸುವ ಈ ದಿನಗಳಲ್ಲಿ ಇದು ಸಣ್ಣ ಮಾತಲ್ಲ.

ಆದುದರಿಂದ ದಾನಿಗಳಾದ ಮಹನೀಯರಲ್ಲಿ ಒಂದು ಅರಿಕೆ. ಮಹಾದ್ವಾರಗಳಿಗೆ ನಾನು ವಿರೋಧಿಯಲ್ಲ; ಆದರೆ ಮುಂದಿನ ದ್ವಾರಕ್ಕೆ ಮೊದಲು, ಶಾಲೆಯ ಹಿಂಬದಿಯ ಬಯಲಿನಲ್ಲಿ ಗಚ್ಚಿನ ಕಣವೊಂದನ್ನೂ, ತೂಕದ ಯಂತ್ರವನ್ನೂ, ತೇವಾಂಶ ಅಳೆಯುವ ಯಂತ್ರವನ್ನೂ ಒದಗಿಸಿದರೆ ಸುತ್ತಲಿನ ಹಳ್ಳಿಗಳಿಗೆ ಉಪಕಾರವಾದೀತು. ಕಾಳು ಒಣಗದ ದಿನಗಳಲ್ಲಿ ಮಕ್ಕಳು ಅಲ್ಲಿಯೇ ಆಡಿಕೊಳ್ಳಲಿ.

ಸಹೋದ್ಯೋಗಿಗಳಿಗೆ ಹೇಳುವುದು ಬೇರೆ. ಪ್ರೌಢಶಾಲೆಯ ಕನ್ನಡ ವ್ಯಾಕರಣದ ಜೊತೆಗೆ ಪತ್ರಲೇಖನವನ್ನು ನಾವು ಕಲಿಸುತ್ತೇವೆ. ರಜೆ ಬೇಡುವ ಪತ್ರವನ್ನು ಐದು ಬಾರಿ ಬರೆಸುತ್ತೇವೆ. ಈ ವರ್ಷ ನಾನು ಎಂಟನೆಯ ತರಗತಿಯ ಮಕ್ಕಳಿಗೆ ಮನೆಯಿಂದ ಪಹಣಿಯನ್ನೂ ವಿಮೆಯ ರಸೀದಿಯನ್ನೂ ತರಹೇಳಿ, ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿಸಿದೆನು. ಸರ್ವೆ ನಂಬರು, ವಿಸ್ತೀರ್ಣ, ಬೆಳೆಯ ಹೆಸರು, ಕೊನೆಯ ದಿನಾಂಕ. ಮೂರನೆಯ ದಿನ ಒಬ್ಬ ಹುಡುಗಿ ಎದ್ದು ನಿಂತು, "ಗುರುಗಳೇ, ನಮ್ಮ ಹೊಲದಾಗ ತೊಗರಿ ಐತಿ, ಇದರಾಗ ಮೆಕ್ಕಿಜೋಳ ಅಂತ ಐತಿ" ಎಂದಳು. ಅವಳ ತಂದೆಯು ಮರುದಿನವೇ ಸಮೀಕ್ಷೆಯ ದಾಖಲೆಗೆ ಆಕ್ಷೇಪಣೆ ಸಲ್ಲಿಸಿದರು. ಅವಧಿ ಮುಗಿಯಲು ಇನ್ನೂ ನಾಲ್ಕು ದಿನಗಳಿದ್ದುವು.