ಹಿತ್ತಲಿನ ಟೊಮೆಟೊ: ಹಣ್ಣಿಗಿಂತ ಮೊದಲು ಮಣ್ಣು ನೋಡೋಣ

ಮಳೆ ಹಿಂದೆ ಸರಿಯುತ್ತಿದ್ದಂತೆ ಮಲೆನಾಡಿನ ಹಿತ್ತಲುಗಳಲ್ಲಿ ತರಕಾರಿ ಮಡಿಗಳು ಏಳುತ್ತವೆ. ಹರಿವೆ, ಬಸಳೆ, ಬದನೆ, ಸೌತೆಗಳ ಬೀಜ ನೆರೆಮನೆಯಿಂದಲೋ ತವರಿನಿಂದಲೋ ಬರುತ್ತದೆ. ಟೊಮೆಟೊ ಬೀಜಕ್ಕೆ ಮಾತ್ರ ನಾವು ಪೇಟೆಗೆ ಹೋಗುತ್ತೇವೆ. ಪೊಟ್ಟಣದ ಮೇಲಿನ ಕೆಂಪು ಹಣ್ಣಿನ ಚಿತ್ರವನ್ನು ನಂಬುತ್ತೇವೆ.

ಕೃಷಿ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ನಾನೂ ಹಾಗೆಯೇ ನಂಬಿದ್ದೆ. ಒಂದು ವರ್ಷ ನೆಟ್ಟ ಮೂವತ್ತು ಸಸಿಗಳು ಸೊಂಪಾಗಿ ಬೆಳೆದು ಹೂಬಿಟ್ಟವು. ಒಂದು ಮಧ್ಯಾಹ್ನ ಎಲೆಗಳು ಹಸಿರಾಗಿದ್ದಂತೆಯೇ ಬಾಡಿದವು, ಸಂಜೆಗೆ ಚೇತರಿಸಿಕೊಂಡವು, ಕೆಲವೇ ದಿನಗಳಲ್ಲಿ ಒಣಗಿದವು. ಕೊನೆಗೆ ಹಣ್ಣು ಕೊಟ್ಟದ್ದು ಮೂರು ಗಿಡಗಳು. ನೀರು ಸಾಲದೆಂದು ದಿನವೂ ನೀರು ಹೊಯ್ದದ್ದು ನನ್ನ ಎರಡನೆಯ ತಪ್ಪು.

ಇದು ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ. ಗುರುತಿಸುವುದು ಸುಲಭ. ಬಾಡಿದ ಗಿಡದ ಬುಡದ ಕಾಂಡವನ್ನು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಡಿ. ಕೆಲವು ನಿಮಿಷಗಳಲ್ಲಿ ಹಾಲಿನಂತಹ ಎಳೆಗಳು ಇಳಿದರೆ ಅದೇ ರೋಗ. ನಮ್ಮ ಜಂಬಿಟ್ಟಿಗೆ ಮಣ್ಣಿನ ಸುಣ್ಣದ ಅಂಶವನ್ನು ಮಳೆ ತೊಳೆದೊಯ್ಯುತ್ತದೆ. ಹುಳಿ ಮಣ್ಣು, ತೇವ, ಬೆಚ್ಚನೆಯ ಹವೆ ಮೂರೂ ಈ ಬ್ಯಾಕ್ಟೀರಿಯಾಕ್ಕೆ ಅನುಕೂಲ. ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ರೋಗ ಹಿಡಿದ ಗಿಡವನ್ನು ಯಾವ ಸಿಂಪರಣೆಯೂ ಉಳಿಸದು. ಆದ್ದರಿಂದ ನಮ್ಮ ಬೆಟ್ಟದ ಊರುಗಳಲ್ಲಿ ತಳಿಯ ಆಯ್ಕೆಯೇ ಮೊದಲ ಔಷಧ.

ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಆಭಾ' ಮತ್ತು 'ಅರ್ಕಾ ಆಲೋಕ್' ಸೊರಗು ರೋಗವನ್ನು ತಡೆದುಕೊಳ್ಳುವ ತಳಿಗಳು. ನಮ್ಮಂತಹುದೇ ಮಣ್ಣು, ಮಳೆ ಇರುವ ಕೇರಳದ ಕೃಷಿ ವಿಶ್ವವಿದ್ಯಾಲಯ 'ಶಕ್ತಿ', 'ಮುಕ್ತಿ', 'ಅನಘಾ' ತಳಿಗಳನ್ನು ನೀಡಿದೆ. ಹೆಸರಘಟ್ಟದ್ದೇ ಆದ 'ಅರ್ಕಾ ರಕ್ಷಕ್' ಸೊರಗು, ಎಲೆ ಮುದುಡು ನಂಜು ಹಾಗೂ ಆರಂಭಿಕ ಅಂಗಮಾರಿ ಮೂರನ್ನೂ ತಡೆಯುತ್ತದೆ. ಆದರೆ ಅದು ಹೈಬ್ರಿಡ್. 'ಅರ್ಕಾ' ಎಂದಿದ್ದ ಮಾತ್ರಕ್ಕೆ ಎಲ್ಲವೂ ಸೊರಗು ನಿರೋಧಕವಲ್ಲ. ಹೆಸರನ್ನು ಪೂರ್ತಿ ಓದಿ ಕೊಳ್ಳಬೇಕು. ನಿರೋಧಕ ತಳಿಯೂ ಅಮರವಲ್ಲ. ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೆಳೆದ ಮಡಿಯಲ್ಲಿ, ಶುಂಠಿ ಕೊಳೆತ ನೆಲದಲ್ಲಿ ಟೊಮೆಟೊ ಬೇಡ. ಮಡಿ ಎತ್ತರವಿರಲಿ, ನೀರು ನಿಲ್ಲದಿರಲಿ, ಬಾಡಿದ ಗಿಡವನ್ನು ಬೇರುಸಹಿತ ಕಿತ್ತು ಸುಡಿ. ಸೆಪ್ಟೆಂಬರಿನಲ್ಲಿ ಮಾಡಿನ ಕೆಳಗೆ ಸಸಿ ಮಾಡಿ ಮಳೆ ನಿಂತ ಮೇಲೆ ನೆಟ್ಟರೆ, ಜಡಿಮಳೆಯ ಅಂಗಮಾರಿಯಿಂದಲೂ ಪಾರಾಗಬಹುದು.

2023ರ ಜುಲೈನಲ್ಲಿ ಟೊಮೆಟೊ ಬೆಲೆ ಕಿಲೋಗೆ 100 ರೂಪಾಯಿ ದಾಟಿದಾಗ ಎಲ್ಲರಿಗೂ ಹಿತ್ತಲು ನೆನಪಾಯಿತು. ಆದರೆ ಬೀಜ ನಮ್ಮ ಕೈಯಲ್ಲಿಲ್ಲದಿದ್ದರೆ ಹಿತ್ತಲೂ ಪೇಟೆಯ ಬಾಲವೇ. ಹೈಬ್ರಿಡ್ ಹಣ್ಣಿನ ಬೀಜ ಬಿತ್ತಿದರೆ ಗುಣಗಳು ಚದುರಿಹೋಗುತ್ತವೆ. ಪ್ರತಿವರ್ಷ ಹೊಸ ಪೊಟ್ಟಣವೇ ಬೇಕು. 'ಆಭಾ', 'ಶಕ್ತಿ'ಯಂತಹ ತಳಿಗಳು ಹಾಗಲ್ಲ. ಟೊಮೆಟೊ ಬಹುಪಾಲು ಸ್ವಕೀಯ ಪರಾಗಸ್ಪರ್ಶದ ಬೆಳೆ, ಬೀಜ ಉಳಿಸುವುದು ಕಷ್ಟವಲ್ಲ. ಕೊನೆಯವರೆಗೂ ಆರೋಗ್ಯವಾಗಿದ್ದ ನಾಲ್ಕೈದು ಗಿಡಗಳ ಮಾಗಿದ ಹಣ್ಣನ್ನು ಹಿಂಡಿ, ತಿರುಳನ್ನು ಎರಡು ದಿನ ಹುಳಿಯಲು ಬಿಟ್ಟು, ತೊಳೆದು, ನೆರಳಿನಲ್ಲಿ ಒಣಗಿಸಿದರೆ ಮುಗಿಯಿತು. ಬೀಜ ಉಳಿಸುವ, ಹಂಚುವ, ಬ್ರ್ಯಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಸಂರಕ್ಷಣೆಯ 2001ರ ಕಾಯಿದೆ ರೈತರಿಗೆ ಕೊಟ್ಟಿದೆ.

ಬಚ್ಚಲ ಬಳಿ ತಾನಾಗಿ ಹುಟ್ಟಿ ವರ್ಷವರ್ಷವೂ ಕಾಯುವ ಗೋಲಿ ಗಾತ್ರದ ಟೊಮೆಟೊ ನಿಮ್ಮ ಮನೆಯಲ್ಲಿದ್ದರೆ ಕೀಳಬೇಡಿ. ಸೊರಗು ಇರುವ ಮಡಿಯಲ್ಲಿ ಅದನ್ನೂ ಬೇರೆ ತಳಿಗಳ ಜೊತೆ ನೆಟ್ಟು ನೋಡಿ. ವಿದ್ಯಾರ್ಥಿ ಮಿತ್ರರೇ, ತಳಿಯ ಹೆಸರು, ನೆಟ್ಟ ದಿನ, ನೆಟ್ಟ ಗಿಡ, ಬಾಡಿದ ಗಿಡ, ಈ ನಾಲ್ಕನ್ನು ನಿಮ್ಮ ಮನೆಯ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹತ್ತು ಮನೆಗಳ ಅಂತಹ ಲೆಕ್ಕ ಸೇರಿದರೆ, ನಮ್ಮೂರಿಗೆ ಯಾವ ತಳಿ ಎಂಬ ಪ್ರಶ್ನೆಗೆ ನಮ್ಮೂರೇ ಉತ್ತರ ಹೇಳುತ್ತದೆ. ಮುಂದಿನ ಮಳೆಗಾಲದೊಳಗೆ ಆ ಲೆಕ್ಕವೂ ಒಂದು ಹಿಡಿ ಬೀಜವೂ ನಮ್ಮ ನಡುವೆ ಕೈಬದಲಾಗಲಿ.