ಆಳು ಸಿಗುತ್ತಿಲ್ಲ ಎನ್ನುವವರಿಗೆ

ಮಾನ್ಯ ಸಂಪಾದಕರೇ,

ಕಟ್ಟಡ ಕೆಲಸಕ್ಕೆ ಆಳು ಸಿಗುತ್ತಿಲ್ಲ ಎಂಬ ಗೋಳನ್ನು ನಿಮ್ಮ ಪತ್ರಿಕೆಯಲ್ಲಿ ಓದಿದ್ದು ಇದು ಮೂರನೆಯ ಸಲವೋ ನಾಲ್ಕನೆಯ ಸಲವೋ. ನಾನು ಅದನ್ನು ಓದಿದ್ದು ನಮ್ಮ ಸರ್ಕಲ್ಲಿನ ಟೀ ಅಂಗಡಿಯಲ್ಲಿ, ಬೆಳಿಗ್ಗೆ ಒಂಬತ್ತೂವರೆಗೆ. ಆ ಹೊತ್ತಿನಲ್ಲಿ ಗಾರೆ ಮೇಸ್ತ್ರಿಯೊಬ್ಬ ಪೇಪರ್ ಹಿಡಿದು ಕೂತಿದ್ದಾನೆ ಅಂದರೆ ಅವತ್ತು ಅವನಿಗೆ ಕೆಲಸ ಸಿಕ್ಕಿಲ್ಲ ಅಂತಲೇ ಲೆಕ್ಕ. ಅಂಗಡಿಯ ಎದುರು ಇನ್ನೂ ಮೂವತ್ತು ನಲವತ್ತು ಜನ ಹಾಗೇ ನಿಂತಿದ್ದರು. ಸಿಗದ ಆಳುಗಳು ಅಂದರೆ ನಾವೇ ಇರಬೇಕು.

2025ರ ಫೆಬ್ರುವರಿಯಲ್ಲಿ ಎಲ್ ಅಂಡ್ ಟಿ ಕಂಪನಿಯ ಅಧ್ಯಕ್ಷರಾದ ಎಸ್.ಎನ್. ಸುಬ್ರಹ್ಮಣ್ಯನ್ ಅವರು ಚೆನ್ನೈನ ಸಭೆಯೊಂದರಲ್ಲಿ, ಕೆಲಸವಿರುವ ಕಡೆಗೆ ಹೋಗಲು ಕಾರ್ಮಿಕರಿಗೆ ಮನಸ್ಸಿಲ್ಲ, ಸರ್ಕಾರದ ಯೋಜನೆಗಳೂ ಅದಕ್ಕೆ ಕಾರಣವಿರಬಹುದು ಎಂಬರ್ಥದ ಮಾತಾಡಿದ್ದರು. ಆಮೇಲೆ ಅದೇ ಮಾತು ಕಟ್ಟಡದವರೆಲ್ಲರ ಬಾಯಲ್ಲಿ. ಅವರಿಗೆ ಲೆಕ್ಕ ಹೇಳಿಕೊಡುವಷ್ಟು ನಾನು ಓದಿಲ್ಲ, ಎಸ್ಸೆಸ್ಸೆಲ್ಸಿಗೆ ನಿಲ್ಲಿಸಿದವನು. ಆದರೂ ಮಾಡಿ ನೋಡಿದೆ. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ವರ್ಷಕ್ಕೆ 100 ದಿನ, ಅದೂ ಆಳಿಗಲ್ಲ, ಮನೆಗೆ. ನೂರಕ್ಕೆ ನೂರು ದಿನ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, 37,000 ರೂಪಾಯಿ. ತಿಂಗಳಿಗೆ ಮೂರು ಸಾವಿರ ಚಿಲ್ಲರೆ. ಇದನ್ನು ನೆಚ್ಚಿಕೊಂಡು ಕಾಲು ಚಾಚಿ ಮಲಗುವ ಗೌಂಡಿ ಯಾವ ಊರಲ್ಲಿದ್ದಾನೋ ನನಗಂತೂ ಕಂಡಿಲ್ಲ. (ನಮ್ಮ ದೇವದುರ್ಗದ ಕಡೆ ನಾವು ಗೌಂಡಿ. ಬೆಂಗಳೂರಿನಲ್ಲಿ ಇಳಿದ ದಿನದಿಂದ ಗಾರೆಯವನಾದೆ. ಕಟ್ಟಡ ಕಾರ್ಮಿಕರ ಕಾರ್ಡಿನಲ್ಲಿ ಮೇಸನ್ ಅಂತ ಬರೆದಿದೆ.)

ನಾವು ಕೆಲಸ ಹುಡುಕುವುದು ಹೇಗೆಂದು ಯಾರೂ ಕೇಳುವುದಿಲ್ಲ, ಅದಕ್ಕೇ ಹೇಳುತ್ತೇನೆ. ಆರೂವರೆಗೆಲ್ಲ ಸರ್ಕಲ್ಲಿಗೆ ಬರಬೇಕು. ಮೇಸ್ತ್ರಿಗಳು ಚೀಲದಿಂದ ಕರಣೆಯ ಹಿಡಿ ಹೊರಗೆ ಕಾಣುವ ಹಾಗೆ ಇಟ್ಟುಕೊಂಡು ನಿಲ್ಲುತ್ತೇವೆ. ನಮ್ಮ ಬೋರ್ಡೇ ಅದು. ಪೇಂಟಿನವರು ಆಚೆ ಬದಿ, ಹೆಂಗಸರು ಬಸ್ ಸ್ಟಾಪಿನ ಹತ್ತಿರ. ಒಂದು ಬೈಕು ನಿಧಾನ ಆಯಿತೆಂದರೆ ಹತ್ತು ಜನ ಮುತ್ತಿಕೊಳ್ಳುತ್ತಾರೆ. ಬಂದವರು ಹೆಲ್ಮೆಟ್ ತೆಗೆಯುವುದಿಲ್ಲ. ‘ಒಬ್ಬ ಮೇಸ್ತ್ರಿ, ಒಬ್ಬ ಹೆಲ್ಪರ್. ಎಷ್ಟು?’ ನಾನು ಸಾವಿರ ಅಂದರೆ ಹಿಂದಿನಿಂದ ಯಾರೋ ಎಂಟುನೂರು ಅಂತಾನೆ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ, ಅವನು ಮೂರು ದಿನದಿಂದ ಬರಿಗೈಯಲ್ಲಿ ಮನೆಗೆ ಹೋದವನು. ಬೈಕಿನವರು ನಮ್ಮ ತಲೆ ನೋಡುತ್ತಾರೆ. ಕೂದಲು ಬೆಳ್ಳಗಿದ್ದರೆ ಕಣ್ಣು ಪಕ್ಕದವನ ಕಡೆ ಹೋಗುತ್ತದೆ. ನಮ್ಮ ಸರ್ಕಲ್ಲಿನಲ್ಲಿ ಐವತ್ತು ದಾಟಿದವರೆಲ್ಲ ತಲೆಗೆ ಬಣ್ಣ ಹಚ್ಚುತ್ತಾರೆ. ಶೋಕಿಗಲ್ಲ. ಸಣ್ಣ ಪ್ಯಾಕೆಟ್ಟೊಂದು ತಂದರೆ ಇಬ್ಬರಿಗಾಗುತ್ತದೆ.

ಒಂಬತ್ತು ಕಳೆದ ಮೇಲೆ ಹೆಂಗಸರು ಒಬ್ಬೊಬ್ಬರೇ ಫುಟ್‌ಪಾತಿನ ಮೇಲೆ ಕುಳಿತು ಡಬ್ಬಿ ಬಿಚ್ಚುತ್ತಾರೆ. ರೊಟ್ಟಿ, ಪುಂಡಿಪಲ್ಯ. ಮಧ್ಯಾಹ್ನ ಸೈಟಿನಲ್ಲಿ ಉಣ್ಣಬೇಕಾದ ಬುತ್ತಿ ಅದು. ಡಬ್ಬಿ ಬಿಚ್ಚಿದರೆಂದರೆ ಆ ದಿನ ಮುಗಿಯಿತು. ಹತ್ತಿರದಲ್ಲಿ ನೀರಿಲ್ಲ, ಶೌಚಾಲಯವಿಲ್ಲ, ಮಳೆ ಬಂದರೆ ಅಂಗಡಿಗಳ ಕಟ್ಟೆ, ಅಂಗಡಿಯವರು ಬಾಗಿಲು ತೆಗೆದರೆ ಅದೂ ಇಲ್ಲ. ಆಷಾಢದಲ್ಲಂತೂ ಯಾರೂ ಗುದ್ದಲಿ ಪೂಜೆ ಮಾಡುವುದಿಲ್ಲ. ಮೇಲೆ ಮಳೆ, ಕೆಳಗೆ ಶುಭಕಾರ್ಯಕ್ಕೆ ಬಾರದ ತಿಂಗಳು. ಆಗ ವಾರಕ್ಕೆ ಎರಡು ದಿನ ಸಿಕ್ಕರೆ ಪುಣ್ಯ.

‘ಹಾಗಿದ್ದರೆ ದೊಡ್ಡ ಸೈಟಿಗೆ ಹೋಗಿ ಸೇರಿಕೊಳ್ಳಬಾರದೇ’ ಎಂದು ನೀವು ಕೇಳಬಹುದು. ಹೋಗಿದ್ದೆ. ಊರಾಚೆಯ ಒಂದು ಅಪಾರ್ಟ್‌ಮೆಂಟ್ ಸೈಟು, ಯಾವುದೆಂದು ಬೇಡ. ಕಂಪನಿಯ ಕೆಳಗೆ ಗುತ್ತಿಗೆದಾರ, ಅವನ ಕೆಳಗೆ ಒಳಗುತ್ತಿಗೆಯವನು, ಅವನ ಕೆಳಗೆ ನಮ್ಮನ್ನು ಕರೆದೊಯ್ದ ಮೇಸ್ತ್ರಿ. ಅಲ್ಲಿ ಪ್ರತಿ ಶನಿವಾರ ಬಟವಾಡೆ ಪೂರಾ ಆಗುವುದಿಲ್ಲ. ಖರ್ಚಿಗೆ ಅಂತ ಒಂದಿಷ್ಟು ಕೊಟ್ಟು ಉಳಿದದ್ದು ಮೇಸ್ತ್ರಿಯ ಡೈರಿಯಲ್ಲಿ. ಬಿಟ್ಟು ಹೋಗದಿರಲಿ ಅಂತ ಹಿಡಿದಿಟ್ಟುಕೊಂಡ ದುಡ್ಡು ಅದು. ಮೂರು ತಿಂಗಳಾದ ಮೇಲೆ ಬೇರೆ ಕಡೆ ದಿನಕ್ಕೆ ನೂರೈವತ್ತು ಜಾಸ್ತಿ ಸಿಗುವ ಕೆಲಸ ಗೊತ್ತಾಯಿತು. ಹೋಗುತ್ತೇನೆಂದೆ. ‘ಹೋಗು, ಬಾಕಿ ಸ್ಲ್ಯಾಬ್ ಮುಗಿದ ಮೇಲೆ’ ಅಂದ. ಬಾಕಿ 14,000. ಸ್ಲ್ಯಾಬ್ ಮುಗಿಯಿತು, ಅವನ ಫೋನೂ ಸ್ವಿಚ್ ಆಫ್ ಆಯಿತು. ಕಂಪನಿಯ ಗೇಟಿನಲ್ಲಿ ಕೇಳಿದರೆ ‘ನಿಮ್ಮ ಹೆಸರು ನಮ್ಮ ಬುಕ್ಕಿನಲ್ಲಿಲ್ಲ’. ದೂರು ಕೊಡಲು ಹೋದ ಕಚೇರಿಯಲ್ಲಿ ‘ಅಲ್ಲಿ ಕೆಲಸ ಮಾಡಿದ್ದಕ್ಕೆ ದಾಖಲೆ ಏನಿದೆ?’ ನನ್ನ ಹತ್ತಿರ ಇದ್ದ ದಾಖಲೆ ಅಂದರೆ ಅಲ್ಲಿನ ಎಂಟನೆಯ ಮಹಡಿಯ ಗೋಡೆ. ಅದನ್ನು ಜೆರಾಕ್ಸ್ ಮಾಡಿಸಿ ಕೊಡಲು ಬರುವುದಿಲ್ಲ.

ಸಂಪಾದಕರೇ, ಆಳು ಸಿಗುತ್ತಿಲ್ಲ ಅನ್ನುವವರು ಈ ಒಂದು ಗಂಟನ್ನು ನೋಡಲಿ. ನಮಗೆ ಹೊಸ ಕೆಲಸ ಹಿಡಿಯುವುದೆಂದರೆ ಹಳೆಯ ಬಾಕಿಯ ಮೇಲೆ ನೀರು ಬಿಡುವುದು. ಹಾಗಾಗಿ ಕಡಿಮೆ ಕೂಲಿಯಲ್ಲಾದರೂ ಕೆಲವರು ಇದ್ದಲ್ಲೇ ಇರುತ್ತಾರೆ. ಒಮ್ಮೆ ಕೈಸುಟ್ಟುಕೊಂಡವರು ದೊಡ್ಡ ಸೈಟಿನ ಸಹವಾಸವೇ ಬೇಡ, ಸಂಜೆಗೆ ಕೈಗೆ ಕಾಸು ಬಂದರೆ ಸಾಕು ಅಂತ ಸರ್ಕಲ್ಲಿಗೆ ಬರುತ್ತಾರೆ. ಇದರಲ್ಲಿ ಸೋಮಾರಿತನ ಎಲ್ಲಿದೆ? ಇನ್ನೊಂದು ಮಾತು. 2020ರ ಮೇ ತಿಂಗಳಲ್ಲಿ, ಕೊರೊನಾ ಲಾಕ್‌ಡೌನಿನ ನಡುವೆ, ಊರಿಗೆ ಹೋಗಲು ಹೊರರಾಜ್ಯದ ಕಾರ್ಮಿಕರು ಕಾದು ಕುಳಿತಿದ್ದಾಗ, ಕಟ್ಟಡ ಉದ್ಯಮದವರ ಜೊತೆ ಸಭೆ ನಡೆಸಿದ ಬೆನ್ನಿಗೇ ನಮ್ಮ ರಾಜ್ಯ ಸರ್ಕಾರ ಅವರ ರೈಲುಗಳನ್ನು ಬೇಡವೆಂದಿತು. ಜನ ಛೀಮಾರಿ ಹಾಕಿದ ಮೇಲೆ ಎರಡು ಮೂರು ದಿನದಲ್ಲಿ ಮತ್ತೆ ಬಿಟ್ಟರು. ಅವತ್ತು ಹೋಗಬೇಡಿ ಅಂತ ಹಿಡಿದಿಟ್ಟವರು ಇವತ್ತು ಬರುತ್ತಿಲ್ಲ ಅಂತ ದೂರುತ್ತಾರೆ.

ಕೆಲಸದ ರೀತಿಯೂ ಬದಲಾಗಿದೆ, ಅದನ್ನು ಒಪ್ಪುತ್ತೇನೆ. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಈಗ ಮೈವಾನ್ ಅಂತ ಅಲ್ಯೂಮಿನಿಯಂ ಹಲಗೆ ಕಟ್ಟಿ ಗೋಡೆ, ಸ್ಲ್ಯಾಬ್ ಎರಡನ್ನೂ ಒಟ್ಟಿಗೇ ಕಾಂಕ್ರೀಟಿನಲ್ಲಿ ಹೊಯ್ಯುತ್ತಾರೆ. ಇಟ್ಟಿಗೆಯೂ ಇಲ್ಲ, ಗಿಲಾವೂ ಇಲ್ಲ. ಅಲ್ಲಿಗೆ ಬೇಕಾಗುವುದು ಶಟರಿಂಗಿನವರು, ಕಂಬಿ ಕಟ್ಟುವವರು. ತೂಗುಗುಂಡು ಇಳಿಬಿಟ್ಟು ಗೋಡೆ ಎಬ್ಬಿಸುವ ನನ್ನಂಥವನಿಗೆ ಉಳಿದಿರುವುದು ಮನೆ ರಿಪೇರಿ, ಕಾಂಪೌಂಡು, ಸಂಪು. ಕಲಿಯಬಹುದು, ಆದರೆ ಕಲಿಯುವಷ್ಟು ದಿನ ಮನೆ ನಡೆಸುವವರು ಯಾರು?

ಇನ್ನು ದುಡ್ಡಿನ ವಿಷಯ. ನಮ್ಮ ಹೆಸರಿನಲ್ಲಿ ದುಡ್ಡು ಇದೆ. ಕಟ್ಟಡದ ವೆಚ್ಚದ ಮೇಲೆ ನೂರಕ್ಕೆ ಒಂದು ರೂಪಾಯಿಯಂತೆ ಸೆಸ್ ಕಟ್ಟಿಸಿಕೊಳ್ಳುತ್ತಾರೆ. ಕೋಟಿ ರೂಪಾಯಿಯ ಕಟ್ಟಡಕ್ಕೆ ಒಂದು ಲಕ್ಷ. 1996ರ ಕಾಯ್ದೆಗಳಿಂದ ಬಂದ ಏರ್ಪಾಡು ಇದು, ನಮ್ಮ ರಾಜ್ಯದಲ್ಲಿ ಈ ದುಡ್ಡು ನೋಡಿಕೊಳ್ಳುವ ಕಲ್ಯಾಣ ಮಂಡಳಿ ಶುರುವಾಗಿದ್ದು 2007ರಲ್ಲಿ. ದೇಶದಲ್ಲೆಲ್ಲ ಹೀಗೆ ಕೂಡಿದ 37,000 ಕೋಟಿಗೂ ಹೆಚ್ಚು ಹಣದಲ್ಲಿ ಖರ್ಚಾದದ್ದು ಸುಮಾರು 9,500 ಕೋಟಿ ಮಾತ್ರ ಎಂದು ಸುಪ್ರೀಂ ಕೋರ್ಟ್ 2018ರ ತೀರ್ಪಿನಲ್ಲಿ ಬೇಸರಪಟ್ಟುಕೊಂಡಿತ್ತು. ಆ ಖರ್ಚಿನಲ್ಲೂ ಲ್ಯಾಪ್‌ಟಾಪು, ವಾಷಿಂಗ್ ಮಷೀನು ಇದ್ದವಂತೆ. ವಾಷಿಂಗ್ ಮಷೀನು ಇಡಲು ನಮ್ಮ ಶೆಡ್ಡಿನಲ್ಲಿ ಜಾಗ ಎಲ್ಲಿ ಎಂದು ನನ್ನ ಹೆಂಡತಿ ಕೇಳಿದಳು.

ಮಂಡಳಿಯ ಕಾರ್ಡು ಬೇಕೆಂದರೆ ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಸರಿ, ಮಾಡಿದ್ದೇವೆ. ತೊಂಬತ್ತು ದಿನಕ್ಕೆ ಐವತ್ತು ಮಾಲೀಕರು. ಯಾರ ಸಹಿ ತರುವುದು? ಹೆಲ್ಮೆಟ್ ತೆಗೆಯದವರ ಹೆಸರು ಕೇಳಿಟ್ಟುಕೊಳ್ಳುವುದು ಹೇಗೆ? ಹಾಗಾಗಿ ಸಹಿ ಮಾರುವವರು ಹುಟ್ಟಿಕೊಂಡಿದ್ದಾರೆ. ಬಾಂಡ್ಲಿ ಮುಟ್ಟದವರ ಹತ್ತಿರ ಕಾರ್ಡಿದೆ, ಹದಿನೈದು ವರ್ಷದಿಂದ ಮರಳು ಹೊತ್ತ ಹೆಂಗಸಿನ ಹತ್ತಿರ ಇಲ್ಲ. ಬೋಗಸ್ ಕಾರ್ಡು ರದ್ದು ಮಾಡುತ್ತೇವೆ ಅಂತ ಸರ್ಕಾರ ಹೊರಟರೆ ಮೊದಲು ಬಿದ್ದುಹೋಗುವುದು ನಮ್ಮಂಥವರ ಕಾರ್ಡೇ, ಯಾಕೆಂದರೆ ಕಳ್ಳರ ಕಾಗದ ಪತ್ರಗಳು ಯಾವಾಗಲೂ ಸರಿಯಾಗಿರುತ್ತವೆ.

ನಾನು ಕೇಳುವುದು ದೊಡ್ಡದೇನೂ ಅಲ್ಲ. ನಾವು ನಿಲ್ಲುವ ಸರ್ಕಲ್ಲುಗಳು ಬೆಂಗಳೂರಿನಲ್ಲಿ ಯಾರಿಗೂ ಗೊತ್ತಿಲ್ಲದ ಜಾಗಗಳಲ್ಲ, ಟ್ರಾಫಿಕ್ ಪೊಲೀಸರಿಗೆ ಅಂಗೈ ಗೆರೆಯಷ್ಟು ಗೊತ್ತು. ಅಲ್ಲಿ ಒಂದು ಶೀಟಿನ ಸೂರು, ಒಂದು ನಲ್ಲಿ, ಹೆಂಗಸರಿಗೆ ಒಂದು ಶೌಚಾಲಯ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಂಡಳಿಯ ಒಬ್ಬ ಗುಮಾಸ್ತ. ಯಾರು, ಯಾರನ್ನು, ಯಾವ ಸೈಟಿಗೆ, ದಿನಕ್ಕೆ ಎಷ್ಟೆಂದು ಮಾತಾಡಿ ಕರೆದೊಯ್ದರು ಎಂದು ಎರಡು ಚೀಟಿ ಬರೆದು ನಮಗೊಂದು, ಅವರಿಗೊಂದು ಕೊಡಲಿ. ಬೇಕಿದ್ದರೆ ಮೊಬೈಲಿನಲ್ಲೇ ಬರೆದುಕೊಳ್ಳಲಿ. ದೊಡ್ಡ ಸೈಟಿಗೂ ಇದೇ ಚೀಟಿ, ಮೇಸ್ತ್ರಿಯ ಹೆಸರಿನ ಜೊತೆಗೆ ಕಂಪನಿಯ ಹೆಸರೂ ಅದರಲ್ಲಿರಲಿ. ತೊಂಬತ್ತು ಚೀಟಿ ಕೂಡಿದವರಿಗೆ ಯಾರ ಸಹಿಯೂ ಬೇಡ. ಬಾಕಿ ಮುರಿದವನ ಮೇಲೆ ದೂರು ಕೊಡಲು ಹೋದಾಗ ಗೋಡೆ ತೋರಿಸಬೇಕಾಗಿಲ್ಲ. ಬಿದ್ದು ಕಾಲು ಮುರಿದವನು ಎಲ್ಲಿ ಬಿದ್ದ ಎಂಬುದಕ್ಕೂ ಅದೇ ಸಾಕ್ಷಿ. ನಿಜವಾಗಿ ಆಳು ಬೇಕಾದವರಿಗೂ ಒಂದೇ ಕಡೆ ಕಂಬಿಯವರು, ಟೈಲ್ಸಿನವರು, ಗಾರೆಯವರು ಎಷ್ಟೆಷ್ಟು ಇದ್ದಾರೆಂದು ತಿಳಿಯುತ್ತದೆ.

ಅಲ್ಲಿಯವರೆಗೆ, ಆಳು ಸಿಗುತ್ತಿಲ್ಲ ಎಂದು ನಿಮ್ಮ ಪತ್ರಿಕೆಗೆ ಹೇಳಿದವರು ಯಾವತ್ತಾದರೂ ಬೆಳಿಗ್ಗೆ ಏಳರೊಳಗೆ ಈ ಕಡೆ ಬರಲಿ. ಗಾಡಿಯನ್ನು ಟೀ ಅಂಗಡಿಯ ಪಕ್ಕಕ್ಕೆ ಒತ್ತಿ ನಿಲ್ಲಿಸಬೇಕು, ಹಿಂದೆ ಬಸ್ಸು ಬರುತ್ತಿರುತ್ತದೆ. ಹೆಲ್ಮೆಟ್ ತೆಗೆದರೆ ಇನ್ನೂ ಒಳ್ಳೆಯದು.

— ಒಬ್ಬ ಗಾರೆ ಮೇಸ್ತ್ರಿ, ಬೆಂಗಳೂರು