ಗಿಲಾವು ಯಂತ್ರವೂ ಗಾರೆಯವನ ಕೈಯೂ

ಗೋಡೆಗೆ ಗಿಲಾವು ಎರಚುವ ಯಂತ್ರವನ್ನು ಹೊಸದಾಗಿ ಕೊಂಡುತಂದ ಕಂಟ್ರಾಕ್ಟರನ ಮೊದಲ ವಾರವನ್ನು ಊಹಿಸುವುದು ಕಷ್ಟವಲ್ಲ. ಮೊದಲನೆಯ ದಿನ ತೆಂಗಿನಕಾಯಿ ಒಡೆದು ಮೋಟಾರನ್ನು ನಡೆಸುತ್ತಾರೆ. ಅರ್ಧ ಗಂಟೆಯೊಳಗೆ ರಬ್ಬರು ಕೊಳವೆ ಕಟ್ಟಿಕೊಳ್ಳುತ್ತದೆ. ಎರಡನೆಯ ದಿನ ಹೆಚ್ಚು ನೀರು ಹೊಯ್ದು ನಡೆಸುತ್ತಾರೆ. ಗೋಡೆಗೆ ಹತ್ತಿದ ಗಾರೆ ಜಾರಿ ನೆಲಕ್ಕೆ ಬೀಳುತ್ತದೆ. ಮೂರನೆಯ ದಿನ ಗಾರೆ ನಿಲ್ಲುತ್ತದೆ, ಆದರೆ ಮಟ್ಟ ಮಾಡುವ ಕೈಗಳು ಸಾಲದೆ ಉಬ್ಬುತಗ್ಗಾಗಿಯೇ ಗಟ್ಟಿಯಾಗುತ್ತದೆ. ವಾರ ಕಳೆಯುವುದರೊಳಗೆ ಯಂತ್ರಕ್ಕೆ ತಾಡಪಾಲು ಹೊದಿಸಿ, ಕರಣೆ ಬಾಣಲಿಗಳನ್ನು ಮತ್ತೆ ಹೊರತೆಗೆಯುತ್ತಾರೆ. ನಮ್ಮ ಮರಳಿಗೂ ನಮ್ಮ ಬಿಸಿಲಿಗೂ ನಮ್ಮ ಜನಕ್ಕೂ ಇದು ಹೊಂದುವ ಯಂತ್ರವಲ್ಲವೆಂಬ ತೀರ್ಪು ಹೊರಬೀಳುತ್ತದೆ.

ಈ ತೀರ್ಪು ಅವಸರದ್ದೆಂದು ನನ್ನ ಅಭಿಪ್ರಾಯ. ಯಂತ್ರ ಕೆಟ್ಟದ್ದೂ ಅಲ್ಲ, ನಮ್ಮ ಜನ ದಡ್ಡರೂ ಅಲ್ಲ. ಕೈಯಿಂದ ಕೆಲಸ ಮಾಡುವಾಗ ಗಾರೆಯವನು ಬಾಯಿಬಿಟ್ಟು ಹೇಳದೆಯೇ ತಿದ್ದಿಕೊಳ್ಳುತ್ತಿದ್ದ ನೂರು ಸಣ್ಣ ಕೊರತೆಗಳನ್ನು ಯಂತ್ರ ತಿದ್ದಿಕೊಳ್ಳಲಾರದು, ತೊಂದರೆಯ ಬೇರು ಇಷ್ಟೆ. ಅನುಭವವುಳ್ಳ ಗಾರೆಯವನನ್ನು ಸ್ವಲ್ಪ ಹೊತ್ತು ಗಮನಿಸಿರಿ. ಬಾಣಲಿಯಲ್ಲಿರುವ ಗಾರೆಯನ್ನು ಕರಣೆಯಿಂದ ಒಮ್ಮೆ ಮಗುಚಿ ನೋಡುತ್ತಾನೆ. ಒಣಗಿದೆಯೆನಿಸಿದರೆ ಒಂದು ಚೊಂಬು ನೀರು ಕೇಳುತ್ತಾನೆ. ದಪ್ಪ ಕಲ್ಲು ಕರಣೆಗೆ ತಗುಲಿದರೆ ಬೆರಳಿನಿಂದ ತೆಗೆದು ಎಸೆಯುತ್ತಾನೆ. ಇಟ್ಟಿಗೆ ನೀರನ್ನು ಹೀರುತ್ತಿದ್ದರೆ ಗೋಡೆಗೆ ಇನ್ನೊಮ್ಮೆ ನೀರು ಚಿಮುಕಿಸುತ್ತಾನೆ. ಇವೆಲ್ಲವೂ ಪರೀಕ್ಷೆಗಳೇ, ಆದರೆ ಅವನು ಅವುಗಳನ್ನು ಪರೀಕ್ಷೆಗಳೆಂದು ಕರೆಯುವುದಿಲ್ಲ, ನಾವೂ ಕರೆದುದಿಲ್ಲ. ಯಂತ್ರ ಬಂದೊಡನೆ ಅವನನ್ನು ದೂರ ನಿಲ್ಲಿಸಿ ಗುಂಡಿ ಒತ್ತುವವನನ್ನು ಹತ್ತಿರ ಕರೆಯುತ್ತೇವೆ. ಕೊಳವೆ ಕಟ್ಟಿಕೊಳ್ಳುವುದರಲ್ಲಿ ಆಶ್ಚರ್ಯವೇನು?

ಗಾರೆಯನ್ನು ಎರಚುವ ಯಂತ್ರದ ಕಥೆ ಆರಂಭವಾದುದು ಕಟ್ಟಡ ಕಟ್ಟುವವರಿಂದಲ್ಲ. ಅಮೆರಿಕದ ಶಿಕಾಗೋ ನಗರದ ಫೀಲ್ಡ್ ವಸ್ತುಸಂಗ್ರಹಾಲಯದಲ್ಲಿ ಸತ್ತ ಪ್ರಾಣಿಗಳ ಚರ್ಮಕ್ಕೆ ಜೀವಂತ ರೂಪು ಕೊಡುವ ಕೆಲಸದಲ್ಲಿದ್ದ ಕಾರ್ಲ್ ಏಕ್ಲಿ ಎಂಬಾತನು ೧೯೦೭ರ ಸುಮಾರಿಗೆ ಇಂತಹದೊಂದು ಯಂತ್ರವನ್ನು ರೂಪಿಸಿದನು. ಆ ಸಂಗ್ರಹಾಲಯವಿದ್ದ ಕಟ್ಟಡ ೧೮೯೩ರ ವಿಶ್ವಪ್ರದರ್ಶನಕ್ಕಾಗಿ ಎಬ್ಬಿಸಿದುದು. ಅದರ ಹೊರಮೈಯ ಗಿಲಾವು ಉದುರುತ್ತಿತ್ತು. ಏಕ್ಲಿಯ ಯಂತ್ರ ಒಣ ಸಿಮೆಂಟು ಮರಳುಗಳನ್ನು ಗಾಳಿಯ ಒತ್ತಡದಿಂದ ಕೊಳವೆಯಲ್ಲಿ ನೂಕುತ್ತಿತ್ತು. ನೀರು ಸೇರುತ್ತಿದ್ದುದು ಮೂತಿಯ ಬಳಿಯಲ್ಲಿ ಮಾತ್ರ. ೧೯೧೧ರಲ್ಲಿ ಆತನಿಗೆ ಪೇಟೆಂಟು ದೊರೆಯಿತು. ಸುರಂಗಗಳ ಒಳಮೈಗೂ ಬಂಡೆಯ ಇಳಿಜಾರುಗಳಿಗೂ ಇಂದು ಸಿಮೆಂಟು ಎರಚುವ ವಿಧಾನ ಆ ಯಂತ್ರದ ಸಂತತಿಯೇ. ಆನೆಯ ಚರ್ಮ ಹದಮಾಡುವವನು ಇಂಜಿನಿಯರುಗಳಿಗೆ ಒಂದು ಶಾಸ್ತ್ರವನ್ನೇ ಕೊಟ್ಟನೆಂಬುದು ವಿದ್ಯಾರ್ಥಿಗಳು ನೆನಪಿಡಬೇಕಾದ ಸಂಗತಿ.

ಮನೆಯ ಗೋಡೆಗೆ ಗಿಲಾವು ಮಾಡಲು ಈಗ ಬಳಸುವ ಯಂತ್ರಗಳಲ್ಲಿ ಬಹುಪಾಲು ಬೇರೊಂದು ಜಾತಿಯವು. ಇವುಗಳಲ್ಲಿ ನೀರು ಬೆರೆತ ಹಸಿ ಗಾರೆಯೇ ಕೊಳವೆಯಲ್ಲಿ ಹರಿಯುತ್ತದೆ. ಅದನ್ನು ನೂಕುವ ಪಂಪನ್ನು ಸುಮಾರು ೧೯೩೦ರಲ್ಲಿ ರೂಪಿಸಿದವನು ರೆನೆ ಮ್ವಾನೋ ಎಂಬ ಫ್ರೆಂಚ್ ಇಂಜಿನಿಯರು. ರಬ್ಬರಿನ ಕವಚದೊಳಗೆ ಉಕ್ಕಿನ ತಿರುಪೊಂದು ಸುತ್ತುತ್ತದೆ. ತಿರುಪಿಗೂ ಕವಚಕ್ಕೂ ನಡುವೆ ಏರ್ಪಡುವ ಪೊಳ್ಳುಗಳು ಒಂದರ ಹಿಂದೊಂದು ಮುಂದಕ್ಕೆ ಸಾಗುತ್ತ ಗಾರೆಯನ್ನು ಹೊತ್ತೊಯ್ಯುತ್ತವೆ. ರಬ್ಬರು ಉಕ್ಕನ್ನು ಬಿಗಿಯಾಗಿ ಅಪ್ಪಿಕೊಂಡಿರುವುದರಿಂದಲೇ ಒತ್ತಡ ಹಿಂದಕ್ಕೆ ಸೋರದು. ಆದರೆ ಈ ಅಪ್ಪುಗೆಗೆ ಸದಾ ತೇವ ಬೇಕು. ಬೋಗುಣಿ ಬರಿದಾಗಿರುವಾಗ ಯಂತ್ರವನ್ನು ಸುಮ್ಮನೆ ತಿರುಗಿಸಿ ನೋಡುವ ಕುತೂಹಲಿಗಳು ಸ್ವಲ್ಪ ಹೊತ್ತಿನಲ್ಲಿಯೇ ರಬ್ಬರನ್ನು ಸುಟ್ಟು ಪಂಪನ್ನು ಕೆಡಿಸುತ್ತಾರೆ.

ಇನ್ನು ಕೊಳವೆ ಕಟ್ಟುವುದೇಕೆ? ಆರಂಭಿಗರನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವ ಪ್ರಶ್ನೆ ಇದೇ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ನೀರು ದ್ರವ, ಎಷ್ಟು ಕಡಮೆ ನೂಕಿದರೂ ಅಷ್ಟಿಷ್ಟು ಹರಿಯುತ್ತದೆ. ಗಾರೆ ಹಾಗಲ್ಲ. ಒಂದು ಮಿತಿಯವರೆಗೆ ನೂಕಿದರೂ ಅದು ಕದಲದು. ಮಿತಿಯನ್ನು ದಾಟಿದ ಮೇಲೆಯೇ ಹರಿಯತೊಡಗುತ್ತದೆ. ಗೋಡೆಯ ಮೇಲೆ ಬಿದ್ದ ಗಾರೆ ಜಾರದೆ ನಿಲ್ಲುವುದೂ ಈ ಗುಣದಿಂದಲೇ. ಅಮೆರಿಕದ ರಸಾಯನಜ್ಞ ಯೂಜೀನ್ ಬಿಂಗ್‌ಹ್ಯಾಮ್ ೧೯೧೯ರಲ್ಲಿ ಗೋಡೆಗೆ ಬಳಿಯುವ ಬಣ್ಣವನ್ನು ಪರೀಕ್ಷಿಸಿ ಇಂತಹ ವಸ್ತುಗಳ ನಡೆಯನ್ನು ವಿವರಿಸಿದನು. ಅವನ ಹೆಸರು ಇಂದಿಗೂ ಅವುಗಳಿಗೆ ಅಂಟಿಕೊಂಡಿದೆ. (ಆತನು ಪಾಠ ಹೇಳುತ್ತಿದ್ದ ಈಸ್ಟನ್ ಪಟ್ಟಣವೂ ಏಕ್ಲಿಯ ಯಂತ್ರವನ್ನು ತಯಾರಿಸುತ್ತಿದ್ದ ಕಾರ್ಖಾನೆಯಿದ್ದ ಆಲೆನ್‌ಟೌನ್ ಪಟ್ಟಣವೂ ಪೆನ್ಸಿಲ್ವೇನಿಯದ ನೆರೆಹೊರೆಯ ಊರುಗಳು.) ನಮ್ಮ ಮನೆಗಳಲ್ಲಿ ಚಕ್ಕುಲಿ ಒತ್ತುವವರಿಗೆ ಈ ತತ್ತ್ವ ಹೊಸದೇನಲ್ಲ. ಹಿಟ್ಟು ಬಿಗಿಯಾದರೆ ಒರಳಿನಿಂದ ಇಳಿಯದು. ಸಡಿಲವಾದರೆ ಸುತ್ತು ನಿಲ್ಲದು.

ಆದರೆ ಗಾರೆಗೆ ಚಕ್ಕುಲಿ ಹಿಟ್ಟಿಗಿಲ್ಲದ ಇನ್ನೊಂದು ಅಪಾಯವುಂಟು. ಒತ್ತಡಕ್ಕೆ ಸಿಕ್ಕಿದಾಗ ಅದರ ನೀರು ಮರಳಿನ ಸಂದುಗಳಲ್ಲಿ ನುಸುಳಿ ಮುಂದಕ್ಕೆ ಓಡಿಹೋಗುತ್ತದೆ. ಹಿಂದೆ ಉಳಿದ ಮರಳು ಒಣಗಿ, ಕಣಕ್ಕೆ ಕಣ ಒತ್ತಿಕೊಂಡು, ಜಾತ್ರೆಯಲ್ಲಿ ಕಿರಿದಾದ ಬಾಗಿಲಲ್ಲಿ ಸಿಕ್ಕಿಕೊಂಡ ಜನರಂತೆ ನಿಂತುಬಿಡುತ್ತದೆ. ಹಿಂದಿನಿಂದ ನೂಕಿದಷ್ಟೂ ಬಿರಡೆ ಬಿಗಿಯುತ್ತದೆ. ಇಂತಹ ಗಾರೆಗೆ ಇನ್ನಷ್ಟು ನೀರು ಸೇರಿಸುವುದು ಬೆಂಕಿಗೆ ತುಪ್ಪ ಹೊಯ್ದಂತೆ; ಬೇರ್ಪಡಲು ಕಾದಿರುವ ನೀರು ಮತ್ತಷ್ಟು ದೊರೆಯಿತಷ್ಟೆ. ಬೇಕಾದುದು ನೀರನ್ನು ಹಿಡಿದಿಡುವ ನುಣುಪು. ಮರಳಿನಲ್ಲಿ ದಪ್ಪ, ನಡು, ಸಣ್ಣ ಕಣಗಳು ಕ್ರಮವಾಗಿ ಬೆರೆತಿದ್ದರೆ ದೊಡ್ಡದರ ಸಂದನ್ನು ಸಣ್ಣದು ತುಂಬಿ ನೀರಿನ ದಾರಿಯನ್ನು ಮುಚ್ಚುತ್ತದೆ. ಗಿಲಾವಿನ ಮರಳನ್ನು ಕುರಿತ ಭಾರತೀಯ ಮಾನಕ ೧೫೪೨ರ ಪ್ರಕಾರ ೨.೩೬ ಮಿಲಿಮೀಟರು ಕಣ್ಣಿನ ಜರಡಿಯಲ್ಲಿ ಮರಳಿನ ನೂರರಲ್ಲಿ ೯೫ ಪಾಲಾದರೂ ಇಳಿಯಬೇಕು. ಕಟ್ಟಡದ ಬಳಿ ಮರಳು ಜರಡಿ ಹಿಡಿಯುವುದನ್ನು ಕಾಣುತ್ತೇವೆ. ಆದರೆ ಆ ಜರಡಿಯ ಕಣ್ಣು ಎಷ್ಟೆಂದು ಕೇಳಿದರೆ ಉತ್ತರ ಸಿಗುವುದು ಅಪರೂಪ.

ಕರ್ನಾಟಕದಲ್ಲಿ ಈ ವಿಚಾರಕ್ಕೆ ವಿಶೇಷ ಮಹತ್ತ್ವವುಂಟು. ಹೊಳೆಯ ಮರಳು ದುರ್ಲಭವಾಗಿ, ಕಲ್ಲನ್ನು ಪುಡಿಮಾಡಿ ತಯಾರಿಸಿದ ಎಂ-ಸ್ಯಾಂಡ್ ಅದರ ಸ್ಥಾನಕ್ಕೆ ಬಂದಿದೆ. ನೀರಿನಲ್ಲಿ ಉರುಳಿ ಉರುಳಿ ದುಂಡಗಾದ ಹೊಳೆಮರಳಿನ ಕಣಗಳು ಒಂದರ ಮೇಲೊಂದು ಜಾರುತ್ತವೆ. ಒಡೆದ ಕಲ್ಲಿನ ಕಣಗಳು ಮೂಲೆಗಳುಳ್ಳವು, ಒಂದನ್ನೊಂದು ಕಚ್ಚುತ್ತವೆ, ಪಂಪಿನ ರಬ್ಬರನ್ನೂ ಬೇಗ ಸವೆಸುತ್ತವೆ. ಹಾಗೆಂದು ಎಂ-ಸ್ಯಾಂಡ್ ನಿಷಿದ್ಧವೇನೂ ಅಲ್ಲ. ಗಿಲಾವಿಗೆಂದೇ ನುಣ್ಣಗೆ ಮಾಡಿ ತೊಳೆದು ಮಾರುವ ಬಗೆ ಬೇರೆ, ಕಾಂಕ್ರೀಟಿಗೆಂದು ಮಾರುವ ಬಗೆ ಬೇರೆ. ಲಾರಿಯವನು ತಂದು ಸುರಿದುದೇ ಮರಳೆಂದು ತಿಳಿದರೆ ಯಂತ್ರ ಒಪ್ಪದು. ಇಲ್ಲಿ ನಮ್ಮ ಹಿರಿಯರ ಸುಣ್ಣದ ಗಾರೆಯನ್ನು ನೆನೆಯದಿರಲಾಗದು. ಅರಳಿಸಿ, ಗಾಣದಲ್ಲಿ ಅರೆದು, ದಿನಗಟ್ಟಲೆ ನೆನೆಯಿಸಿದ ಸುಣ್ಣ ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು ಬೆರೆಸಿದ ಇಂದಿನ ಬಡಕಲು ಗಾರೆಗಿಂತ ಸುಣ್ಣ ಬೆರೆತ ಗಾರೆ ಕೊಳವೆಯಲ್ಲಿ ಸುಲಭವಾಗಿ ಸಾಗುತ್ತದೆ. ಹಳೆಯ ವಸ್ತು ಹೊಸ ಯಂತ್ರಕ್ಕೆ ಹೀಗೆ ಹೊಂದುವುದನ್ನು ಕಂಡು ನನಗಂತೂ ಸಂತೋಷವಾಗುತ್ತದೆ.

ಮರಳು ಸರಿಯಿದ್ದರೂ ಮೊದಲ ದಿನವೇ ಕಟ್ಟಿಕೊಳ್ಳುವ ಕೊಳವೆಗಳುಂಟು. ಒಣಗಿದ ಕೊಳವೆಯ ಒಳಮೈ ಮೊದಲು ಬಂದ ಗಾರೆಯ ನೀರನ್ನೂ ನುಣುಪನ್ನೂ ತಾನು ಹತ್ತಿಸಿಕೊಂಡು, ಮುಂದಿನ ತುದಿಯಲ್ಲಿ ಒಣ ಮರಳಿನ ಬಿರಡೆಯನ್ನು ನಿರ್ಮಿಸುತ್ತದೆ. ಆದುದರಿಂದ ಗಾರೆಗೆ ಮೊದಲು ಸುಣ್ಣದ ತಿಳಿಯನ್ನೋ ತೆಳು ಅಂಟನ್ನೋ ಕೊಳವೆಯಲ್ಲಿ ಹರಿಸಬೇಕು. ಇನ್ನೊಂದು ಕಾರಣ ಕಾಫಿ! ಗಾರೆ ತುಂಬಿದ ಕೊಳವೆಯನ್ನು ಬಿಸಿಲಿನಲ್ಲಿ ಬಿಟ್ಟು ಕೆಲಸಗಾರರು ಅರ್ಧ ಗಂಟೆ ಕಾಫಿಗೆ ಹೋದರೆ, ಹಿಂದಿರುಗುವ ವೇಳೆಗೆ ಕೊಳವೆ ಕೋಲಾಗಿರುತ್ತದೆ. ಕಾಫಿ ಬಿಡಬೇಕಾಗಿಲ್ಲ, ಸರದಿಯಂತೆ ಕುಡಿದು, ನಡುನಡುವೆ ಗಾರೆಯನ್ನು ಕದಲಿಸುತ್ತಿದ್ದರೆ ಸಾಕು.

ಕಟ್ಟಿಕೊಂಡ ಕೊಳವೆಯನ್ನು ಬಿಡಿಸುವಾಗಲೇ ಅನಾಹುತಗಳಾಗುವುದು. ಈ ಮಾತನ್ನು ಲಘುವಾಗಿ ಭಾವಿಸಬಾರದು. ಇಂತಹ ಪಂಪುಗಳು ಒಂದು ಚದರ ಸೆಂಟಿಮೀಟರಿಗೆ ೨೦ ಕಿಲೋಗ್ರಾಂಗಿಂತ ಹೆಚ್ಚಿನ ಒತ್ತಡವನ್ನು ಉಂಟುಮಾಡಬಲ್ಲವು. ಕಾರಿನ ಚಕ್ರದಲ್ಲಿರುವ ಒತ್ತಡದ ಹತ್ತರಷ್ಟು ಇದು. ೩೫ ಮಿಲಿಮೀಟರು ವ್ಯಾಸದ ಕೊಳವೆಯ ಬಾಯಿಯ ವಿಸ್ತೀರ್ಣ ಸುಮಾರು ೯.೬ ಚದರ ಸೆಂಟಿಮೀಟರು. ಎಂದರೆ ಬಿರಡೆಯ ಹಿಂದೆ ಸುಮಾರು ೧೯೦ ಕಿಲೋಗ್ರಾಂ ಬಲ ಕಾದುಕುಳಿತಿರುತ್ತದೆ. ಇದನ್ನರಿಯದೆ ಕೀಲನ್ನು ಸುತ್ತಿಗೆಯಿಂದ ಬಡಿದು ಬಿಚ್ಚುವ ಹುಡುಗನ ಮುಖಕ್ಕೆ ಕಲ್ಲೂ ಕ್ಷಾರವೂ ಒಟ್ಟಿಗೆ ಎರಗುತ್ತವೆ. ಹಸಿ ಸಿಮೆಂಟು ತೀಕ್ಷ್ಣವಾದ ಕ್ಷಾರ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಪಂಪನ್ನು ಹಿಮ್ಮುಖವಾಗಿ ತಿರುಗಿಸಿ, ಒತ್ತಡದ ಮುಳ್ಳು ಸೊನ್ನೆಗೆ ಇಳಿದುದನ್ನು ಕಣ್ಣಾರೆ ಕಂಡ ಮೇಲೆಯೇ ಕೀಲನ್ನು ಮುಟ್ಟಬೇಕು. ಕನ್ನಡಕವಿಲ್ಲದೆ ಯಾರೂ ಹತ್ತಿರ ಸುಳಿಯಬಾರದು. ಯಂತ್ರಕ್ಕೆ ಲಕ್ಷಗಟ್ಟಲೆ ತೆತ್ತು ಕನ್ನಡಕಕ್ಕೆ ಜಿಪುಣತನ ತೋರುವ ಯಜಮಾನರನ್ನು ನಾನು ಕ್ಷಮಿಸಲಾರೆ.

ವಿದ್ಯುತ್ತಿನ ತೊಂದರೆ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಸುಲಭವಾಗಿ ಅರ್ಥವಾಗತಕ್ಕದ್ದು. ಉದ್ದವಾದ ಸಣಕಲು ತಂತಿಯ ತುದಿಯಲ್ಲಿ ವೋಲ್ಟೇಜು ನೂರಕ್ಕೆ ೮೦ಕ್ಕೆ ಇಳಿದರೆ ಮೋಟಾರಿನ ತಿರುಚುಬಲ ಅದರ ವರ್ಗದಂತೆ ನೂರಕ್ಕೆ ೬೪ಕ್ಕೆ ಕುಸಿಯುತ್ತದೆ. ಪಂಪು ಹೆಚ್ಚು ಬಲವನ್ನು ಬೇಡುವುದು ಚಾಲನೆಯ ಕ್ಷಣದಲ್ಲಿಯೇ. ಮೂರು ಎಳೆಗಳಲ್ಲಿ ಎರಡು ಅದಲುಬದಲಾದರಂತೂ ತಿರುಪು ಹಿಂದಕ್ಕೆ ಸುತ್ತುತ್ತದೆ.

ಜನರ ಪ್ರಶ್ನೆ ಇವೆಲ್ಲಕ್ಕಿಂತ ದೊಡ್ಡದು. ನಿಮಿಷಕ್ಕೆ ೨೦ ಲೀಟರು ಎರಚುವ ಯಂತ್ರವೊಂದನ್ನು ತೆಗೆದುಕೊಳ್ಳೋಣ. ಗಂಟೆಗೆ ೧,೨೦೦ ಲೀಟರು. ೧೨ ಮಿಲಿಮೀಟರು ದಪ್ಪದಲ್ಲಿ ಹರಡಿದರೆ ೧೦೦ ಚದರ ಮೀಟರು. ನಾಲ್ಕು ಮೀಟರು ಅಗಲ, ಮೂರು ಮೀಟರು ಎತ್ತರದ ಗೋಡೆಗಳು ಎಂಟು! ಆದರೆ ಯಂತ್ರ ಗಾರೆಯನ್ನು ಗೋಡೆಗೆ ಹತ್ತಿಸುತ್ತದೆಯೇ ಹೊರತು ಮಟ್ಟ ಮಾಡುವುದಿಲ್ಲ. ಮಟ್ಟಗೋಲು ಎಳೆಯುವುದು, ಮೂಲೆ ತೀಡುವುದು, ಉಜ್ಜಿ ನಯ ಮಾಡುವುದು ಎಲ್ಲವೂ ಕೈಯ ಕೆಲಸವೇ, ಅದೂ ಗಾರೆ ಬಿಗಿಯುವುದರೊಳಗೆ. ಒಬ್ಬ ಎರಚುವವನ ಹಿಂದೆ ಇಬ್ಬರನ್ನು ನಿಲ್ಲಿಸಿದರೆ ಅವರು ಗೋಡೆಯೊಡನೆ ಹೋರಾಡುತ್ತ ಸೋಲುತ್ತಾರೆ. ಗಾರೆಯವರನ್ನು ಬಿಡಿಸಿ ಕೂಲಿ ಉಳಿಸುವೆನೆಂದು ಯಂತ್ರ ಕೊಳ್ಳುವವನ ಲೆಕ್ಕ ತಪ್ಪುವುದು ಇಲ್ಲಿಯೇ.

ಹಾಗಾದರೆ ಯಂತ್ರವೇಕೆ ಬೇಕು? ಅದೇ ಗೋಡೆಯನ್ನು ಮತ್ತೊಮ್ಮೆ ನೋಡಿ. ಹನ್ನೆರಡು ಚದರ ಮೀಟರಿಗೆ ೧೪೪ ಲೀಟರು ಗಾರೆ. ತೂಕ ಸುಮಾರು ೨೯೦ ಕಿಲೋಗ್ರಾಂ. ಅಷ್ಟನ್ನೂ ಒಬ್ಬ ಮನುಷ್ಯ ಕರಣೆ ಕರಣೆಯಾಗಿ ತನ್ನ ತೋಳಿನಿಂದ ಬೀಸಿ ಎಸೆಯುತ್ತಾನೆ. ಎಸೆಯುವ ಮುನ್ನ ಅದನ್ನು ಬಾಣಲಿಯಲ್ಲಿ ತಲೆಯ ಮೇಲೆ ಹೊತ್ತು ತಂದವಳು ಮತ್ತೊಬ್ಬಳು. ಐವತ್ತು ದಾಟುವ ಮೊದಲೇ ಭುಜ ಸೋತು ಕೆಲಸ ಬಿಡುವ ಗಾರೆಯವರುಂಟು. ಎರಚುವ ಶ್ರಮವನ್ನು ಯಂತ್ರ ವಹಿಸಿಕೊಂಡು, ಮಟ್ಟ ನೋಡುವ ಕಣ್ಣನ್ನೂ ತೀಡುವ ಕೈಯನ್ನೂ ಗಾರೆಯವನಿಗೇ ಉಳಿಸಿದರೆ ಅವನ ದುಡಿಮೆಯ ವರ್ಷಗಳು ಹೆಚ್ಚುತ್ತವೆ. ಮೂತಿಯನ್ನು ಹಿಡಿಯತಕ್ಕವನು ಅವನೇ. ಗೋಡೆ ಎಷ್ಟು ನೀರು ಹೀರುವುದು, ಒಂದು ಪದರವನ್ನು ಎಷ್ಟು ತೆಳುವಾಗಿ ಎಳೆಯಬೇಕು, ಎರಡನೆಯ ಪದರಕ್ಕೆ ಎಷ್ಟು ಹೊತ್ತು ಕಾಯಬೇಕು ಎಂಬುದೆಲ್ಲ ಅವನಿಗೆ ಗೊತ್ತು. ಒತ್ತಡದ ಮುಳ್ಳನ್ನು ಓದುವುದನ್ನು ಎರಡು ದಿನದಲ್ಲಿ ಕಲಿಸಬಹುದು. ಮುಳ್ಳನ್ನು ಓದಬಲ್ಲವನಿಗೆ ಗೋಡೆಯನ್ನು ಓದಲು ಕಲಿಸುವುದು ಎರಡು ದಿನದ ಮಾತಲ್ಲ.

ಪಾಲಿಟೆಕ್ನಿಕ್ಕುಗಳಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ಓದುವ ತರುಣರು ಜರಡಿ ಪರೀಕ್ಷೆಯನ್ನು ದಾಖಲೆ ಪುಸ್ತಕ ತುಂಬಿಸುವುದಕ್ಕಷ್ಟೇ ಮಾಡದೆ, ಹತ್ತಿರದ ಕಟ್ಟಡಕ್ಕೆ ಹೋಗಿ ಅಲ್ಲಿಯ ಮರಳಿನ ಮೇಲೆ ಮಾಡಬೇಕೆಂದು ನನ್ನ ಒತ್ತಾಯ. ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಜರಡಿಯೂ ಬೇಕಿಲ್ಲ. ರಬ್ಬರಿನ ಕೈಚೀಲವನ್ನೂ ಕನ್ನಡಕವನ್ನೂ ಧರಿಸಿ, ಒಂದು ಹಿಡಿ ಸಿಮೆಂಟು ಗಾರೆಯನ್ನು ಬಟ್ಟೆಯಲ್ಲಿ ಕಟ್ಟಿ ಬಟ್ಟಲಿನ ಮೇಲೆ ಒಂದು ನಿಮಿಷ ಹಿಂಡಿರಿ. ಅನಂತರ ಅಷ್ಟೇ ಗಾರೆಗೆ ನೆನೆಯಿಸಿದ ಸುಣ್ಣವನ್ನು ಸ್ವಲ್ಪ ಕಲಸಿ, ಅದೇ ಹದಕ್ಕೆ ತಂದು, ಇನ್ನೊಂದು ಬಟ್ಟೆಯಲ್ಲಿ ಅಷ್ಟೇ ಹೊತ್ತು ಹಿಂಡಿರಿ. ಎರಡು ಬಟ್ಟಲುಗಳಲ್ಲಿ ಸಂಗ್ರಹವಾದ ನೀರನ್ನು ಅಳತೆಯ ಗಾಜಿನಲ್ಲಿ ಅಳೆದು, ಮರಳು ಯಾವ ಊರಿನದೆಂಬುದರ ಎದುರಿಗೆ ಬರೆದಿಡಿರಿ.